ಹುಳುಮನೆಯಲ್ಲಿ ಸೈಡ್ ಡ್ರಮ್ಮಿಗೆ ಮೈಕ್ ಇಟ್ಟ ಆಷಾಢ

ಕಳೆದ ವಾರ ಮಾಗಡಿ ಕಡೆಯ ಕಲ್ಯದಲ್ಲಿ ಒಂದು ನಾಮಕರಣಕ್ಕೆ ಮೈಕ್‌ಸೆಟ್ ಹಾಕಲು ಹೋಗಿದ್ದೆ. ಕರೆಂಟಿನ ಪಾಯಿಂಟ್ ಹುಡುಕುತ್ತ ಮನೆಯ ಹಿಂದಕ್ಕೆ ನಡೆದರೆ ಅಲ್ಲೊಂದು ರೇಷ್ಮೆ ಹುಳುಮನೆ. ಬಾಗಿಲು ಅರ್ಧ ತೆರೆದಿತ್ತು. ಸುಣ್ಣ, ಬ್ಲೀಚಿಂಗ್ ಪುಡಿ, ಒದ್ದೆ ಗೋಣಿಯಡಿ ಇಟ್ಟ ಹಿಪ್ಪುನೇರಳೆ ಸೊಪ್ಪು, ಮೂರೂ ಕಲೆತ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ವೈರಿನ ಸುರುಳಿಯನ್ನು ಅಲ್ಲೇ ನೆಲಕ್ಕಿಟ್ಟೆ.

"ಯಾಕ್ ಸಾಮಿ, ಅಲ್ಲೇ ನಿಂತ್ಬುಟ್ರಿ?" ಅಂದರು ಮನೆಯ ಯಜಮಾನರು.

"ಏನಿಲ್ಲ, ಪಾಯಿಂಟ್ ಎಲ್ಲೈತೆ ಅಂತ ನೋಡ್ತಿದ್ದೆ" ಅಂದೆ. ಸುಳ್ಳು. ನಾನು ಕಿವಿಗೊಟ್ಟು ನಿಂತಿದ್ದೆ. ಒಳಗೆ ಹುಳುಗಳು ಮೇಯುತ್ತಿದ್ದವು. ದೊಡ್ಡ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಕೇಳದವರಿಗೆ ಹೇಳುವುದಾದರೆ, ಅದು ಶೀಟಿನ ಮೇಲೆ ಬೀಳುವ ಸಣ್ಣ ಮಳೆಯ ಹಾಗಿರುತ್ತದೆ. ಎಲ್ಲರಿಗೂ ಹಿತವಾದ ಸದ್ದು ಅದು. ನನಗೆ ಮಾತ್ರ ಅದನ್ನು ಕೇಳಿದರೆ ಈಗಲೂ ತೋಳಿನ ಕೂದಲು ನಿಮಿರುತ್ತದೆ. ಒಂದು ಆಷಾಢದಲ್ಲಿ ಆ ಸದ್ದನ್ನು ನಾನು ಒಂದೂ ಹುಳುವಿಲ್ಲದ ಮನೆಯಲ್ಲಿ ಕೇಳಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ನಾನು ರಾಮನಗರದ ಒಂದು ಶಾಮಿಯಾನ ಅಂಗಡಿಯಲ್ಲಿ ಸೌಂಡ್ ನೋಡಿಕೊಳ್ಳುವವನು. ನಮ್ಮೂರು ಕೂಟಗಲ್. ಅಪ್ಪ ಹೋದ ಮೇಲೆ ಹುಳು ಸಾಕಣೆಯನ್ನು ಅವ್ವನೇ ನಡೆಸುತ್ತಿದ್ದಳು. ಹುಳುಮನೆಯಲ್ಲಿ ಅವಳದೇ ಕಾನೂನು. ಬೀಡಿ ಸೇದಿ ಬರಬಾರದು, ತಲೆಗೆ ಎಣ್ಣೆ ಹಚ್ಚಿ ಬರಬಾರದು, ಗಟ್ಟಿಯಾಗಿ ಮಾತಾಡಬಾರದು. ಪೊರೆ ಬಿಡುವ ಮುಂಚೆ ಹುಳು ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹಾಗೆ ನಾಲ್ಕು ಜ್ವರ ಕಳೆದು ಎದ್ದ ಹುಳು ಒಂದು ವಾರ ರಾಕ್ಷಸನಂತೆ ತಿಂದು ಗೂಡು ಕಟ್ಟಲು ಶುರು ಮಾಡುತ್ತದೆ.

ಆ ವರ್ಷದ ಮಾಗಿಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಇಂಥ ಬೆಳೆ ಬಂದು ಎಷ್ಟೋ ವರ್ಷವಾಯಿತು ಅಂತ ಅವ್ವ ಹೇಳಿಕೊಂಡು ಓಡಾಡುತ್ತಿದ್ದಳು. ಒಂದು ಸಂಜೆ ಅವಳು ಸೊಪ್ಪು ತರಲು ಹೋದಾಗ ನಾನು ಹುಳುಮನೆಯ ಹೊರಜಗಲಿಯಲ್ಲಿ ಕೂತಿದ್ದೆ. ವಿಪರೀತ ಸೊಳ್ಳೆ. ಚೀಲದಲ್ಲಿ ಸೊಳ್ಳೆಬತ್ತಿ ಇತ್ತು. ಅದರ ಹೊಗೆ ಹುಳುವಿಗೆ ವಿಷ ಅನ್ನುವುದು ಹುಳು ಸಾಕುವ ಮನೆಯ ಮಗುವಿಗೂ ಗೊತ್ತು, ನನಗೂ ಗೊತ್ತಿತ್ತು. ಹೊರಗಡೆ ತಾನೆ, ಗಾಳಿ ಆ ಕಡೆಗೆ ತಾನೆ ಬೀಸುತ್ತಿದೆ ಅಂದುಕೊಂಡು ಹಚ್ಚಿದೆ. ಅರ್ಧ ಗಂಟೆ ಉರಿದಿರಬೇಕು. ಗೋಡೆಯ ಗಾಳಿಕಿಂಡಿ ನನ್ನ ಬೆನ್ನ ಹಿಂದೆಯೇ ಇತ್ತು ಅನ್ನುವುದು ನೆನಪಾದದ್ದು ಬತ್ತಿ ಆರಿಸಿದ ಮೇಲೆ.

ಬೆಳಗಿನ ಹೊತ್ತಿಗೆ ಎಲ್ಲ ತಟ್ಟೆಗಳಲ್ಲೂ ಹುಳುಗಳು ತಲೆ ಆಡಿಸುತ್ತ, ಬಾಯಿಂದ ಹಸಿರು ನೀರು ಬಿಡುತ್ತ ಒದ್ದಾಡುತ್ತಿದ್ದವು. ಮಧ್ಯಾಹ್ನಕ್ಕೆ ಒಂದೂ ಉಳಿಯಲಿಲ್ಲ. ಊರಿನವರು ಬಂದು ನೋಡಿ, ಔಷಧಿ ಬಿದ್ದ ಸೊಪ್ಪು ಅಂದರು. ನಮ್ಮ ತೋಟದ ಪಕ್ಕಕ್ಕೇ ಪುಟ್ಟಸ್ವಾಮಿ ಚಿಕ್ಕಪ್ಪನ ಟೊಮೆಟೊ ಇತ್ತು. ಅವನು ಎರಡು ದಿನದ ಹಿಂದೆ ಔಷಧಿ ಹೊಡೆದಿದ್ದ. "ನಾನು ಗಾಳಿ ನೋಡ್ಕೊಂಡೇ ಹೊಡ್ದಿದ್ದು" ಅಂತ ಚಿಕ್ಕಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ಅವ್ವ ಮಾತು ಬಿಟ್ಟಳು. ಯಾರ ಜೊತೆಗೂ ಒಂದೇ ಒಂದು ಮಾತಿಲ್ಲ. ಅಡಿಗೆ ಮಾಡುವಳು, ಬಡಿಸುವಳು, ಕರೆದರೆ ತಿರುಗುವಳು, ಕೈಸನ್ನೆಯಲ್ಲೇ ಎಲ್ಲ. ಡಾಕ್ಟರು ಗಂಟಲು ನೋಡಿ ಏನೂ ತೊಂದರೆ ಇಲ್ಲ ಅಂದರು. ಚಿಕ್ಕಪ್ಪನ ಹೆಂಡತಿ ಜಯಮ್ಮ ಚಿಕ್ಕಮ್ಮ ದಿನಾ ಸಂಜೆ ಬಂದು ಅವ್ವನ ಜೊತೆ ಕೂರುತ್ತಿದ್ದವಳು ಬರುವುದನ್ನೇ ನಿಲ್ಲಿಸಿದಳು. ಎರಡು ಮನೆಗಳ ನಡುವೆ ಇರುವುದು ಸೊಂಟದೆತ್ತರದ ಗೋಡೆ ಒಂದೇ. ಮಾತು ಅವ್ವನಿಗೆ ಬರುತ್ತಿಲ್ಲವೋ, ಅವಳೇ ಆಡುತ್ತಿಲ್ಲವೋ ಅಂತ ನನಗೆ ತಿಳಿಯುತ್ತಿರಲಿಲ್ಲ. ಸೊಪ್ಪು ತಂದವಳು ತಾನೇ, ಅದಕ್ಕೇ ತನ್ನ ತಪ್ಪು ಅಂದುಕೊಂಡು ಹೀಗಾಗಿದ್ದಾಳೆ ಅನ್ನಿಸಿದಾಗಲೆಲ್ಲ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದೆ. ಆದರೂ ಹೇಳಲಿಲ್ಲ. ಆರು ತಿಂಗಳು ಹೇಳಲಿಲ್ಲ. ನಾನು ಅಂಥವನು ಅಂತ ನನಗೇ ಗೊತ್ತಿರಲಿಲ್ಲ.

ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಬ್ಯಾಂಡ್‌ಸೆಟ್ಟಿನವರಿಗೂ ಸೌಂಡಿನವರಿಗೂ ಕೆಲಸವಿಲ್ಲ. ಚನ್ನಪಟ್ಟಣದ ಫಯಾಜ್ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ. ಉಳಿದ ದಿನ ಮನೆಯಲ್ಲೇ ಯಂತ್ರಕ್ಕೆ ಕೊಟ್ಟು ಮರದ ಬೊಂಬೆ ಕಡೆಯುವ ಕೆಲಸ. ತನ್ನ ಡ್ರಮ್ಮಿನ ಕಡ್ಡಿಗಳನ್ನೂ ಅದೇ ಯಂತ್ರದಲ್ಲಿ ತಾನೇ ಕಡೆದು, ತುದಿಗೆ ಕೆಂಪು ಅರಗು ಹಚ್ಚಿಕೊಂಡಿದ್ದ. ಮದುವೆಗಳಲ್ಲಿ ಈಗ ಡೀಜೆಯದೇ ಕಾರುಬಾರು. ತಾನು ಬಾರಿಸುವುದನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಹಾಡು ಮಾಡುವವರಿಗೆ ಕಳಿಸಬೇಕು ಅಂತ ಅವನ ಆಸೆ. ನನ್ನ ಹತ್ತಿರ ಎರಡು ಮೈಕು, ಒಂದು ಸೌಂಡ್ ಕಾರ್ಡು, ಹಳೇ ಲ್ಯಾಪ್‌ಟಾಪು ಇದ್ದವು. ಜಾಗಕ್ಕೆ ಖಾಲಿ ಬಿದ್ದಿದ್ದ ಹುಳುಮನೆ.

ಅವ್ವನ ವಿಷಯ ಅವನಿಗೆ ಫೋನಿನಲ್ಲಿ ಮೊದಲೇ ಹೇಳಿದ್ದೆ. "ಅವ್ವ ಜ್ವರಕ್ಕೆ ಕೂತಂಗೆ ಕೂತವ್ಳೆ, ನೀನೇನೂ ಅಂದ್ಕೊಬ್ಯಾಡ" ಅಂದಿದ್ದೆ. ಬೊಂಬೆಯೂರಿನವನಿಗೆ ಹುಳುವಿನ ಜ್ವರ ಎಲ್ಲಿ ಗೊತ್ತು? ಬರುವಾಗ ಒಂದು ಪಟ್ಟಿ ಜ್ವರದ ಮಾತ್ರೆಯನ್ನೂ ಬ್ರೆಡ್ಡನ್ನೂ ತಂದು ಅವ್ವನ ಮುಂದೆ ಇಟ್ಟ. ಅವ್ವ ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ ಒಳಗಿಟ್ಟಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆಯಂಥದ್ದೇನೋ ಕಂಡಿತು.

ಹುಳುಮನೆ ರೆಕಾರ್ಡಿಂಗಿಗೆ ಹೇಳಿ ಮಾಡಿಸಿದ ಹಾಗಿತ್ತು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದೆವು. ಸದ್ದು ಗೋಡೆಗೆ ಬಡಿದು ವಾಪಸು ಬರುವುದು ನಿಂತಿತು. ಕಿಟಕಿಗಳಿಗೆ ಗೋಣಿ ಕಟ್ಟಿದೆವು. ಡ್ರಮ್ಮಿನ ಅಂಚಿನಿಂದ ಎರಡು ಬೆರಳು ಮೇಲಕ್ಕೆ, ಮೂತಿ ಚರ್ಮದ ನಡುಭಾಗಕ್ಕೆ ಇರುವಂತೆ ಒಂದು ಮೈಕು. ಸೈಡ್ ಡ್ರಮ್ಮಿನ ತಳದ ಚರ್ಮಕ್ಕೆ ತಾಗಿಕೊಂಡು ಸಣ್ಣ ಸುರುಳಿ ತಂತಿಗಳ ಪಟ್ಟಿ ಇರುತ್ತದೆ. ಡ್ರಮ್ಮಿಗೆ ಆ ಚರಚರ ಸದ್ದು ಬರುವುದೇ ಅದರಿಂದ. ಅದರ ಎದುರಿಗೆ, ನೆಲದ ಹತ್ತಿರ ಇನ್ನೊಂದು ಮೈಕು. ಮೇಲಿನ ಚರ್ಮ ಒಂದು ಮೈಕಿನಿಂದ ದೂರ ಹೋಗುವಾಗ ಕೆಳಗಿನದು ಇನ್ನೊಂದರ ಹತ್ತಿರ ಬರುತ್ತದೆ, ಹಾಗಾಗಿ ಎರಡೂ ಜಗಳಕ್ಕೆ ಬಿದ್ದು ಸದ್ದು ಸೊರಗುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದರ ಸದ್ದಿನ ಅಲೆಯನ್ನು ತಲೆಕೆಳಗು ಮಾಡಿದರೆ ರಾಜಿಯಾಗುತ್ತವೆ. ಇಷ್ಟೆಲ್ಲ ಮಾಡಿ ಕೇಳಿದರೆ ಪ್ರತಿ ಏಟಿನ ಹಿಂದೆ ಊಂ ಅಂತ ಒಂದು ಮೊಳಗು.

"ತಗಡಿನ್ ಬಕೀಟ್ ಇದ್ದಂಗೈತಲ್ಲಣ್ಣ" ಅಂದ ಫಯಾಜ್ ಬೇಜಾರಿನಲ್ಲಿ.

ಕರವಸ್ತ್ರ ಮಡಿಸಿ ಅಂಚಿಗೆ ಟೇಪಿನಿಂದ ಅಂಟಿಸಿದೆವು. ಮೊಳಗು ಅರ್ಧ ಇಳಿಯಿತು. ಇನ್ನೊಂದು ಸಲ ಬಾರಿಸು ಅಂದೆ. ಅವನು ಬಾರಿಸಿ ನಿಲ್ಲಿಸಿದ. ಏಟು ನಿಂತ ಮೇಲೂ ಹೆಡ್‌ಫೋನಿನಲ್ಲಿ ಸದ್ದು ನಿಲ್ಲಲಿಲ್ಲ. ಸಣ್ಣಗೆ ಮಳೆ ಬರುತ್ತಿತ್ತು. ಹೊರಗೆ ಬಂದು ನೋಡಿದೆ. ಆಷಾಢದ ಗಾಳಿ ಧೂಳೆಬ್ಬಿಸುತ್ತಿತ್ತು, ಅಂಗಳ ಒಣಗಿತ್ತು. ಅವ್ವ ಎಂದಿನಂತೆ ಹುಳುಮನೆಯ ಜಗಲಿಯ ಮೂಲೆಯಲ್ಲಿ ಗೋಡೆಗೆ ತಲೆ ಒರಗಿಸಿ ಕಣ್ಣು ಮುಚ್ಚಿ ಕೂತಿದ್ದಳು. ಒಳಗೆ ಬಂದರೆ ಫಯಾಜ್ ಎರಡು ಕಡ್ಡಿಯನ್ನೂ ತೊಡೆಯ ಮೇಲಿಟ್ಟುಕೊಂಡು ಡ್ರಮ್ಮನ್ನೇ ನೋಡುತ್ತಿದ್ದ.

"ನಾನ್ ಮುಟ್ಟಿಲ್ಲಣ್ಣ" ಅಂದ. "ಅದೇ ಆಡ್ತೈತೆ."

ತಳದ ತಂತಿಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಬರಿಗಿವಿಗೆ ಸರಿಯಾಗಿ ಕೇಳದಷ್ಟು ಮೆಲ್ಲಗೆ, ಕೆಳಗಿನ ಮೈಕಿಗೆ ಸ್ಪಷ್ಟವಾಗಿ. ನಾನು ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಮಳೆಯಲ್ಲ. ಹುಳು ಸೊಪ್ಪು ತಿನ್ನುವ ಸದ್ದು. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದು. ಅವ್ವ ಹುಳುವಿಗೆ ಎರಡನೇ ಮೇವು ಹಾಕುತ್ತಿದ್ದ ಹೊತ್ತು ಅದು. ಫಯಾಜನಿಗೆ ಹೇಳಲಿಲ್ಲ.

ನಾಲ್ಕು ಗಂಟೆಗೆ ಮತ್ತೆ ಬಂತು. ಅದು ಮೂರನೇ ಮೇವಿನ ಹೊತ್ತು.

ಮಾರನೆಯ ದಿನವೂ ಅದೇ ಹನ್ನೊಂದು, ಅದೇ ನಾಲ್ಕು. ಫ್ಯಾನ್ ಆರಿಸಿದೆ, ಬಲ್ಬ್ ಬಿಚ್ಚಿದೆ, ಪಂಪ್‌ಸೆಟ್ ನಿಲ್ಲಿಸಿ ಬಂದೆ. ಬೆಟ್ಟದಾಚೆಯ ಕಲ್ಲು ಕ್ರಷರ್ ಇರಬಹುದು ಅಂದುಕೊಂಡರೆ ಅವತ್ತು ಅದಕ್ಕೆ ರಜೆ. ಸೌಂಡ್ ಕೆಲಸ ಮಾಡುವವನಿಗೆ ಯಾವ ಗುಯ್‌ಗುಟ್ಟುವಿಕೆಗೂ ಒಂದು ವೈರಿನ ಕಾರಣ ಇದ್ದೇ ಇರುತ್ತದೆ. ನನಗೆ ಆ ವೈರು ಸಿಗಲಿಲ್ಲ.

ಫಯಾಜ್ ಚಾವಿ ತೆಗೆದುಕೊಂಡು ಚರ್ಮವನ್ನು ಬಿಗಿ ಮಾಡಿ ಡ್ರಮ್ಮಿನ ಶ್ರುತಿ ಏರಿಸಿದ. ಮೂರನೇ ದಿನ ಹನ್ನೊಂದಕ್ಕೆ ಏನೂ ಕೇಳಲಿಲ್ಲ. ಇಬ್ಬರೂ ಖುಷಿಯಾಗಿ ಕಾಫಿ ಕುಡಿದೆವು. ನಾಲ್ಕಕ್ಕೆ ಒಂದು ಸಲ ಚರ್ ಅಂದು ನಿಂತಿತು. ಮತ್ತೆ ಒಂದು ಸಲ. ಕತ್ತಲೆಯಲ್ಲಿ ಕೈಯಾಡಿಸಿ ಸ್ವಿಚ್ ಹುಡುಕಿದ ಹಾಗೆ ಅದು ಹುಡುಕುತ್ತಿತ್ತು. ಆಮೇಲೆ ಸಿಕ್ಕಿಬಿಟ್ಟಿತು, ಪೂರ್ತಿ ಶುರುವಾಯಿತು.

"ಯಾರೋ ನನ್ ಜೊತೆ ಕೂತವ್ರೆ ಅಣ್ಣ" ಅಂತ ಫಯಾಜ್ ಎದ್ದೇಬಿಟ್ಟ. "ಟೈಮ್ ಇಟ್ಕೊಂಡು ಬತ್ತಾವ್ರೆ. ಈ ಮನೇಲಿ ಏನಾದ್ರೂ ಆಗೈತಾ? ಕಸಮ್ ಹಾಕಿ ಹೇಳು."

"ಏನೂ ಆಗಿಲ್ಲ ಕಣಯ್ಯ" ಅಂದೆ. ಅವನು ನನ್ನ ಮುಖ ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಎರಡು ದಿನ ಬರಲಿಲ್ಲ.

ಆ ಎರಡು ದಿನ ನಾನು ಒಬ್ಬನೇ ಹನ್ನೊಂದಕ್ಕೂ ನಾಲ್ಕಕ್ಕೂ ಹೆಡ್‌ಫೋನ್ ಹಾಕಿಕೊಂಡು ಕೂತೆ. ಯಾಕೆ ಕೂತೆ ಅಂದರೆ ಹೇಳುವುದು ಕಷ್ಟ. ಕೂರದಿದ್ದರೆ ಹೊರಗಡೆಯೂ ಕೇಳುತ್ತದೇನೋ ಅನ್ನುವ ಹೆದರಿಕೆ. ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದೆವು. ಸದ್ದು ಶುರುವಾದಾಗ ಒಂದು ತಟ್ಟೆ ಎಳೆದು ನೋಡಿದೆ. ಒಣಗಿದ ಸೊಪ್ಪಿನ ತೊಟ್ಟು ಬಿಟ್ಟರೆ ಏನಿರಲಿಲ್ಲ. ಸೊಪ್ಪು ಹಾಕಲಿಲ್ಲವಲ್ಲ ಅಂತ ಅವು ಕೇಳುತ್ತಿವೆ ಅನ್ನಿಸಿತು. ನಲವತ್ತರ ಹತ್ತಿರದ ಗಂಡಸು ನಾನು, ಆ ತಟ್ಟೆ ಹಿಡಿದುಕೊಂಡು ಅತ್ತೆ.

ಫಯಾಜ್ ವಾಪಸು ಬಂದ. ದರ್ಗಾದ ಯಾರೋ ಹಜರತ್ತರ ಕೈಯಲ್ಲಿ ದುವಾ ಓದಿಸಿ ಊದಿಸಿಕೊಂಡು ತಂದ ಕಪ್ಪು ದಾರವನ್ನು ಡ್ರಮ್ಮಿನ ಸ್ಟ್ಯಾಂಡಿಗೆ ಕಟ್ಟಿದ. "ಇವತ್ತು ಇದರ ಬಾಯಿ ಮುಚ್ಚಿಸ್ಬುಡೋಣ" ಅಂದ. ಕರವಸ್ತ್ರದ ಜೊತೆಗೆ ಅವನ ಪರ್ಸನ್ನೂ ಚರ್ಮದ ಮೇಲಿಟ್ಟೆವು. ಹರಿದ ಹಳೇ ಚರ್ಮವನ್ನು ಬಳೆಯಂತೆ ಕತ್ತರಿಸಿ ಸುತ್ತ ಕೂರಿಸಿದೆವು. ಕೊನೆಗೆ ದಪ್ಪ ಟವೆಲ್ಲಿನಿಂದ ಇಡೀ ಡ್ರಮ್ಮನ್ನು ಮೇಲೂ ಕೆಳಗೂ ಸುತ್ತಿ, ಪಕ್ಕದ ಲಿವರ್ ಬಿಟ್ಟು ತಂತಿಗಳನ್ನು ಚರ್ಮದಿಂದ ಸಡಿಲಿಸಿದೆವು. ಬಾರಿಸಿದರೆ ದಿಂಬಿಗೆ ಗುದ್ದಿದ ಹಾಗಿತ್ತು. ಅದು ಡ್ರಮ್ಮೇ ಅಲ್ಲ ಈಗ, ಆದರೆ ಸುಮ್ಮನಿತ್ತು.

ನಾಲ್ಕು ಗಂಟೆಯಾಯಿತು. ತಂತಿ ಆಡಲಿಲ್ಲ. ಫಯಾಜ್ ನಿಟ್ಟುಸಿರು ಬಿಟ್ಟ. ನಾನು ಕೆಳಗಿನ ಮೈಕಿನ ದನಿ ಏರಿಸಿದೆ, ಇನ್ನೂ ಏರಿಸಿದೆ. ಚರಚರ ಇಲ್ಲದ ಆ ಜಾಗದಲ್ಲಿ, ಅದರ ಅಡಿಯಲ್ಲಿ ಅಷ್ಟು ದಿನವೂ ಮುಚ್ಚಿಹೋಗಿದ್ದ ಇನ್ನೊಂದು ದನಿ ಇತ್ತು. ಬಾಯಿ ಮುಚ್ಚಿಕೊಂಡು ಗುನುಗುವ, ಏರಿಳಿತವಿಲ್ಲದ ಒಂದೇ ಎಳೆಯ ದನಿ. ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚಿ ಟಾರ್ಚಿನಂತೆ ಸುತ್ತ ತಿರುಗಿಸಿದೆ. ಗಾಳಿಕಿಂಡಿಯ ಕಡೆಗೆ ತಿರುಗಿಸಿದಾಗ ದನಿ ದೊಡ್ಡದಾಯಿತು. ಹೆಡ್‌ಫೋನನ್ನು ಫಯಾಜನ ಕಿವಿಗಿಟ್ಟೆ.

"ಅಣ್ಣ, ಇದು ಹೆಂಗಸಿನ ದನಿ" ಅಂದ ಪಿಸುಗುಟ್ಟುತ್ತ. "ನಿಮ್ಮಮ್ಮಂದು."

ಹೊರಗೆ ಓಡಿದೆ. ಅವ್ವ ಜಗಲಿಯ ಮೂಲೆಯಲ್ಲಿ, ಕಿಂಡಿಗೆ ತಲೆ ಒರಗಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಎದುರಿಗೆ ನಿಂತವನಿಗೂ ಕೇಳಿಸದಷ್ಟು ಸಣ್ಣಗೆ ಗುನುಗುತ್ತಿದ್ದಳು. ನಾನು ಚಿಕ್ಕವನಿದ್ದಾಗ ಕೇಳಿದ್ದ ದನಿ. ತಟ್ಟೆಗಳಿಗೆ ಸೊಪ್ಪು ಉದುರಿಸುವಾಗ ಅವಳು ಹುಳುಗಳಿಗಾಗಿ ಗುನುಗುತ್ತಿದ್ದದ್ದು ಹೀಗೆಯೇ. ಅವಳ ದನಿ ಡ್ರಮ್ಮಿನ ಶ್ರುತಿಗೆ ಕೂಡಿದಾಗಲೆಲ್ಲ ತಂತಿ ಅದುರುತ್ತಿತ್ತು. ಆ ಶ್ರುತಿ ಬದಲಾದಾಗ ಹುಡುಕಾಡಿ ಹೊಸ ಶ್ರುತಿ ಹಿಡಿದವಳೂ ಇವಳೇ. ಒಂದು ಕ್ಷಣ ನಗು ಬಂತು. ನನ್ನ ವೈರು ಸಿಕ್ಕಿತ್ತು. ಮರುಕ್ಷಣ, ಇವಳು ಇವತ್ತಿಗೂ ಆ ಸತ್ತ ಹುಳುಗಳಿಗೆ ಮೇವು ಹಾಕುತ್ತಿದ್ದಾಳೆ ಅನ್ನುವುದು ಹೊಳೆಯಿತು. ಅವಳ ಪಕ್ಕದಲ್ಲಿ ಕೂತೆ.

"ಅವ್ವ, ಸೊಪ್ಪಲ್ಲಿ ಏನೂ ಇರ್ಲಿಲ್ಲ. ನೀನು ತಂದ ಸೊಪ್ಪು ಚೆನ್ನಾಗೇ ಇತ್ತು. ಚಿಕ್ಕಪ್ಪನ ಔಸ್ದಿನೂ ಅಲ್ಲ. ನಾನೇ, ಇಲ್ಲೇ ಕೂತು ಸೊಳ್ಳೆಬತ್ತಿ ಹಚ್ಚಿದ್ದೆ."

ಗುನುಗು ನಿಂತಿತು. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು.

"ಗೊತ್ತು" ಅಂದಳು.

ಆರು ತಿಂಗಳ ಮೇಲಿನ ಮೊದಲ ಮಾತು. ದನಿ ಬಹಳ ದಿನ ತೆರೆಯದ ಬಾಗಿಲಿನ ಹಾಗೆ ಕಿರುಗುಟ್ಟಿತು. ಬಾಗಿಲಲ್ಲಿ ನಿಂತಿದ್ದ ಫಯಾಜನ ಕೈಯಿಂದ ಒಂದು ಕಡ್ಡಿ ಕೆಳಗೆ ಬಿತ್ತು.

"ಬೂದಿ ಕಿಂಡಿ ಮುಂದೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ನಾನೇ ಗುಡಿಸ್ದೆ."

"ಮತ್ ಯಾಕವ್ವ ಯಾರ್ಗೂ ಯೋಳ್ಲಿಲ್ಲ?"

"ಊರ್ನೋರೆಲ್ಲ ಬಂದು ಏನಾಯ್ತು ಏನಾಯ್ತು ಅಂತ ಕೇಳೋರು. ಪುಟ್ಸಾಮಿ ಔಸ್ದಿಯಿಂದ ಅನ್ನಕ್ಕೆ ನಾಲ್ಗೆ ಬರ್ನಿಲ್ಲ, ಅವ್ನು ತಪ್ಪು ಮಾಡ್ನಿಲ್ಲ. ನನ್ ಮಗ ಮಾಡ್ದ ಅನ್ನಕ್ಕೂ ಬರ್ನಿಲ್ಲ. ಬಾಯಿ ಬುಟ್ರೆ ಎರಡ್ರಲ್ಲಿ ಒಂದ್ ಆಡ್ಬೇಕು. ಅದ್ಕೇ ಮಾತೇ ಬುಟ್ಬುಟ್ಟೆ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ ಕಣ್ಲಾ. ಒಸಿ ಜಾಸ್ತಿ ದಿನ ಆಯ್ತು."

ನನ್ನ ತಪ್ಪನ್ನು ಮುಚ್ಚಿಡಲು ನಾನು ಒಂದು ಮಾತನ್ನು ನುಂಗಿದ್ದೆ. ಅದಕ್ಕಾಗಿ ಅವಳು ಎಲ್ಲ ಮಾತನ್ನೂ ನುಂಗಿದ್ದಳು.

ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ. ಮೊದಲ ದಿನದ ರೆಕಾರ್ಡಿಂಗ್ ಹಚ್ಚಿ, "ನೋಡವ್ವ, ನೀನು ಗುನುಗಿದ್ದಕ್ಕೆ ಡ್ರಮ್ಮಿನ ತಂತಿ ಅದುರಿ ಎಂಗೆ ಕೇಳುಸ್ತೈತೆ, ನಮ್ಗೆ ದೆವ್ವ ಅನ್ಸಿತ್ತು" ಅಂತ ನಗಿಸಲು ನೋಡಿದೆ. ಅವ್ವ ಕೇಳಿದಳು. ಆರಂಭದಿಂದ ಇನ್ನೊಮ್ಮೆ ಹಚ್ಚು ಅಂತ ಸನ್ನೆ ಮಾಡಿ ಮತ್ತೆ ಕೇಳಿದಳು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

"ನಾನು ಸುರು ಮಾಡಾದಲ್ಲ ಅದು. ಮೊದ್ಲು ಅವು ತಿನ್ನಾಕ್ ಸುರು ಮಾಡ್ತವೆ. ಕಿಂಡಿಯಿಂದ ಕೇಳುಸ್ತೈತೆ. ಆಮ್ಯಾಕೆ ನಾನು ಗುನುಗ್ತೀನಿ."

ನಾನೂ ಕೇಳಿದೆ. ಇಷ್ಟು ದಿನ ನನ್ನ ಗಮನವೆಲ್ಲ ಚರಚರದ ಮೇಲೇ ಇತ್ತು, ಅದರಡಿಯ ದನಿಯನ್ನು ಹುಡುಕಿರಲಿಲ್ಲ. ಈಗ ಹುಡುಕಿದೆ. ತಂತಿಗಳು ನಡುಗಲು ಶುರುವಾಗುತ್ತವೆ. ಎರಡು ಉಸಿರಿನಷ್ಟು ಹೊತ್ತು ಬೇರೇನೂ ಇಲ್ಲ. ಆಮೇಲೆ ಅವ್ವನ ದನಿ ಬರುತ್ತದೆ. ಐದು ದಿನದ ರೆಕಾರ್ಡಿಂಗಿನಲ್ಲೂ ಹಾಗೆಯೇ. ಫಯಾಜ್ ನನ್ನ ಭುಜದ ಮೇಲಿಂದ ಬಗ್ಗಿ ಪರದೆ ನೋಡಿ, ಹೋಗಿ ಅಂಗಳದಲ್ಲಿ ನಿಂತುಕೊಂಡ.

ಅವ್ವ ಮಂಡಿಗೆ ಕೈಕೊಟ್ಟು ಎದ್ದು ನಿಂತಿದ್ದಳು. ಸೊಂಟದೆತ್ತರದ ಗೋಡೆಯಾಚೆ ಜಯಮ್ಮ ಚಿಕ್ಕಮ್ಮ ಬಟ್ಟೆ ಒಣಗಹಾಕುತ್ತಿದ್ದಳು. ಚಿಕ್ಕಪ್ಪ ಕಂಬಕ್ಕೊರಗಿ ಕೂತಿದ್ದ. ಅವ್ವ ಅವರತ್ತಲೇ ನೋಡುತ್ತಿದ್ದಾಳೆ ಅಂತ ತಿಳಿದು ಅವಳ ಸೆರಗು ಹಿಡಿದೆ.

"ಅವ್ವ, ನಾಳೆ ಯೋಳ್ತೀನಿ. ಬೆಳಿಗ್ಗೆನೇ ನಾನೇ ಓಗಿ ಯೋಳ್ತೀನಿ" ಅಂದೆ.

ಅವ್ವ ಗಂಟಲು ಸರಿಮಾಡಿಕೊಂಡಳು. ಗೋಡೆಯ ತನಕ ನಡೆದು, ಎರಡೂ ಕೈಯನ್ನು ಅದರ ಮೇಲೆ ಊರಿ, ಆರು ತಿಂಗಳಿಂದ ಕೂಗದ ಹೆಸರನ್ನು ಕೂಗಿದಳು:

"ಜಯೀ, ಒಸಿ ಬಾರಮ್ಮಿ ಇಲ್ಲಿ. ಪುಟ್ಸಾಮಿನೂ ಕರ್ಕೊಂಡ್ ಬಾ. ನನ್ ಮಗ ನಿಮ್ಗೇನೋ ಯೋಳ್ಬೇಕಂತೆ."